ಬೆಡ್ ಇದೆ ಸರಿ, ನೋಡಿಕೊಳ್ಳೋರು ಎಷ್ಟು ಜನ?

ಎಲ್ಲೋ ಕೋವಿಡ್‌ನ ಹೊಸ ತಳಿ ಕಾಣಿಸಿಕೊಂಡಿತು ಅಂತ ಸುದ್ದಿ ಬಂದರೆ ಸಾಕು, ಮಾರನೇ ದಿನ ಟಿವಿಯ ಕೆಳಗೆ ಒಂದು ಸಾಲು ಓಡುತ್ತದೆ. ಇಷ್ಟು ಸಾವಿರ ಹಾಸಿಗೆ ಸಿದ್ಧ, ಇಷ್ಟು ನೂರು ವೆಂಟಿಲೇಟರ್ ಸಿದ್ಧ, ಜನ ಗಾಬರಿಯಾಗಬೇಕಿಲ್ಲ. 2022ರ ಡಿಸೆಂಬರ್‌ನಲ್ಲೂ ಹೀಗೇ ಆಯಿತು, 2025ರ ಮೇನಲ್ಲೂ ಹೀಗೇ ಆಯಿತು. ಆ ಸಾಲು ಕಂಡಾಗೆಲ್ಲ ನನಗೆ ಬರೋದು ಒಂದೇ ಪ್ರಶ್ನೆ. ಆ ಹಾಸಿಗೆ ಪಕ್ಕ ರಾತ್ರಿ ಮೂರು ಗಂಟೆಗೆ ಯಾರು ನಿಂತಿರುತ್ತಾರೆ?

ನಾನು ನರ್ಸ್. ಬೆಂಗಳೂರಿನ ಪಶ್ಚಿಮ ಭಾಗದ ಒಂದು ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಕೋವಿಡ್‌ನ ಮೊದಲ ಎರಡು ಅಲೆ ಕಳೆದೆ. ಈಗ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಅಂದರೆ ಫೈಲು, ಚೆಕ್‌ಲಿಸ್ಟು, ಆಡಿಟ್ಟು. ವಾರ್ಡಿನ ಹುಡುಗಿಯರು ನನ್ನ ಕಂಡರೆ "ಬಂದ್ರು ನೋಡೇ, ಪೇಪರ್ ಮೇಡಂ" ಅಂತ ಪಿಸುಗುಟ್ಟುತ್ತಾರೆ. ಅನ್ನಲಿ ಬಿಡಿ. ನಾನೂ ಆ ವಯಸ್ಸಲ್ಲಿ ಹಾಗೇ ಅಂತಿದ್ದೆ.

ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರ, ಬಿಐಇಸಿ ನೆನಪಿದೆಯಲ್ವಾ? 2020ರ ಜುಲೈನಲ್ಲಿ ಅಲ್ಲಿ 10,100 ಹಾಸಿಗೆಯ ಕೋವಿಡ್ ಆರೈಕೆ ಕೇಂದ್ರ ಮಾಡಿದರು. ಯಂತ್ರಗಳ ಪ್ರದರ್ಶನ ನಡೆಯುತ್ತಿದ್ದ ಹಾಲ್‌ಗಳಲ್ಲಿ ಸಾಲಾಗಿ ಮಂಚ, ಮಂಚಕ್ಕೊಂದು ಫ್ಯಾನು, ಬಕೆಟ್ಟು. ಪೇಪರ್‌ನಲ್ಲಿ ದೊಡ್ಡ ಫೋಟೋ ಬಂತು. ಲಕ್ಷಣವೇ ಇಲ್ಲದವರಿಗೆ, ಸ್ವಲ್ಪ ಜ್ವರ ಕೆಮ್ಮು ಇರೋರಿಗೆ ಅಂತ ಮಾಡಿದ್ದು ಅದು. ಆದರೆ ಅಷ್ಟೊತ್ತಿಗೆ ಅಂಥವರು ಮನೆಯಲ್ಲೇ ಇರಬಹುದು ಅಂತ ನಿಯಮ ಬದಲಾಯಿತು. ಹಾಸಿಗೆಗಳು ತುಂಬಲೇ ಇಲ್ಲ. ಸೆಪ್ಟೆಂಬರ್ ಮಧ್ಯದಲ್ಲಿ ಮುಚ್ಚಿದರು.

ಮುಂದಿನ ಏಪ್ರಿಲ್ ಕೊನೆಯ ದಿನ ಬೆಂಗಳೂರೊಂದರಲ್ಲೇ 26 ಸಾವಿರಕ್ಕೂ ಜಾಸ್ತಿ ಜನ ಪಾಸಿಟಿವ್. ಮೇ 5ಕ್ಕೆ ಇಡೀ ರಾಜ್ಯದ ಲೆಕ್ಕ ಐವತ್ತು ಸಾವಿರ ದಾಟಿತು. ಆಗ ಬಿಐಇಸಿ ಯಾಕೆ ಮುಚ್ಚಿದರು ಅಂತ ಎಲ್ಲರೂ ಬೈದರು. ಬೈಯೋದರಲ್ಲಿ ತಪ್ಪಿಲ್ಲ, ಆದರೆ ಅದೇ ಮಂಚಗಳನ್ನು ಮತ್ತೆ ತಂದು ಹಾಕಿದ್ದರೂ ಉಸಿರು ಸಿಗದೆ ಒದ್ದಾಡುತ್ತಿದ್ದವರಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದು ಆಕ್ಸಿಜನ್ ಬರುವ ಹಾಸಿಗೆ, ಐಸಿಯು. ಮಂಚ ಒಂದು ವಾರದಲ್ಲಿ ಬರುತ್ತದೆ. ಐಸಿಯು ನರ್ಸ್ ಆಗಲು ಮೂರು ನಾಲ್ಕು ವರ್ಷದ ನರ್ಸಿಂಗ್ ಓದು, ಆಮೇಲೆ ಸೀನಿಯರ್ ಒಬ್ಬರ ಹಿಂದೆ ಒಂದು ವರ್ಷವಾದರೂ ತಿರುಗಿರಬೇಕು.

ವೆಂಟಿಲೇಟರ್ ಮೇಲಿರುವ ಒಬ್ಬ ಪೇಷಂಟ್‌ಗೆ ಒಂದು ರಾತ್ರಿಯಲ್ಲಿ ಏನೇನು ಮಾಡಬೇಕು ಅಂತ ಹೊರಗಿನವರಿಗೆ ಗೊತ್ತಿರೋದಿಲ್ಲ. ಗಂಟೆಗೊಮ್ಮೆ ಬಿಪಿ, ನಾಡಿ, ಸ್ಯಾಚುರೇಶನ್ (ರಕ್ತದಲ್ಲಿ ಆಕ್ಸಿಜನ್ ಎಷ್ಟು ಪರ್ಸೆಂಟ್ ಅನ್ನೋದು), ಎಷ್ಟು ಮೂತ್ರ ಹೋಯಿತು ಅನ್ನೋದನ್ನು ಬರೆಯಬೇಕು. ಕಫ ಕಟ್ಟಿಕೊಂಡರೆ ಟ್ಯೂಬಿನೊಳಗೆ ಸಕ್ಷನ್ ಹಾಕಿ ತೆಗೆಯಬೇಕು. ತಲೆ ಕಡೆ 30 ಡಿಗ್ರಿ ಏರಿಸಿಯೇ ಇಡಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲಿರೋದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ನ್ಯುಮೋನಿಯಾ ಶುರುವಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲಾಂದ್ರೆ ಬೆನ್ನಲ್ಲಿ ಹುಣ್ಣು. ಬಾಯಿ ಒರೆಸಬೇಕು. ರೆಪ್ಪೆ ಪೂರ್ತಿ ಮುಚ್ಚದವರ ಕಣ್ಣಿಗೆ ಮುಲಾಮು ಹಾಕಬೇಕು. ಸ್ಟೆರಾಯ್ಡ್ ಹೋಗುತ್ತಿದ್ದರೆ ಶುಗರ್ ನೋಡಿ ಇನ್ಸುಲಿನ್ ಹೊಂದಿಸಬೇಕು. ಬಿಪಿ ಬೀಳದಂತೆ ಹಿಡಿದಿಡುವ ಔಷಧಿ ಸಿರಿಂಜ್ ಪಂಪಿನಲ್ಲಿ ಖಾಲಿಯಾಗುವ ಮುಂಚೆಯೇ ಮುಂದಿನ ಸಿರಿಂಜ್ ತುಂಬಿಟ್ಟಿರಬೇಕು. ಅದು ಎರಡು ನಿಮಿಷ ನಿಂತರೂ ಮಾನಿಟರ್‌ನಲ್ಲಿ ಗೆರೆ ಜಾರೋದು ಕಣ್ಣಿಗೇ ಕಾಣುತ್ತದೆ.

ಕೋವಿಡ್‌ನಲ್ಲಿ ಇದರ ಮೇಲೆ ಇನ್ನೊಂದು ಸೇರಿತು, ಪ್ರೋನಿಂಗ್. ಪೇಷಂಟ್‌ನ ಬೋರಲು ಮಲಗಿಸೋದು. ಬೆನ್ನ ಕಡೆಯ ಶ್ವಾಸಕೋಶದ ಭಾಗ ತೆರೆದುಕೊಂಡು ಆಕ್ಸಿಜನ್ ಚೆನ್ನಾಗಿ ಹಿಡಿಯುತ್ತದೆ. ದಿನಕ್ಕೆ 16 ಗಂಟೆಯಾದರೂ ಹಾಗೆ ಇಡಬೇಕು ಅಂತ 2013ರಲ್ಲೇ ಫ್ರಾನ್ಸ್ ಕಡೆಯ ವೈದ್ಯರು ತೋರಿಸಿಕೊಟ್ಟಿದ್ದರು. ಓದೋಕೆ ಸುಲಭ. ಎಂಬತ್ತು ಕಿಲೋ ತೂಕದ, ಪ್ರಜ್ಞೆ ಇಲ್ಲದ, ಬಾಯಲ್ಲಿ ಟ್ಯೂಬ್, ಕತ್ತಿನಲ್ಲಿ ಔಷಧಿಯ ಲೈನ್, ಕೆಳಗೆ ಮೂತ್ರದ ಕ್ಯಾತಿಟರ್ ಇರೋ ಒಬ್ಬ ಮನುಷ್ಯನನ್ನು ತಿರುಗಿಸಲು ಐದು ಜನ ಬೇಕು. ತಲೆ ಹತ್ತಿರ ಒಬ್ಬರು ಟ್ಯೂಬ್ ಹಿಡಿದು ಎಣಿಸುತ್ತಾರೆ. ಉಳಿದವರು ಇಬ್ಬಿಬ್ಬರಂತೆ ಎರಡು ಪಕ್ಕ. ಎಲ್ಲರೂ ಪಿಪಿಇ ಒಳಗೆ ಬೆವರಲ್ಲಿ ನೆನೆದಿರುತ್ತಾರೆ, ಕನ್ನಡಕಕ್ಕೆ ಮಂಜು ಕಟ್ಟಿರುತ್ತದೆ. "ಒನ್, ಟೂ, ತ್ರೀ" ಅಂದಾಗ ಒಬ್ಬರಿಗೆ ಕೇಳಿಸದಿದ್ದರೂ ಟ್ಯೂಬ್ ಹೊರಗೆ ಬರುತ್ತದೆ. ರಾತ್ರಿ ಪಾಳಿಯಲ್ಲಿ ಆ ಐದು ಜನ ಎಲ್ಲಿಂದ ಬರಬೇಕು? ನಮ್ಮಲ್ಲಿ ಪಕ್ಕದ ವಾರ್ಡಿನಿಂದ ಇಬ್ಬರು, ಅನಸ್ತೀಸಿಯಾ ಡಾಕ್ಟರ್ ಒಬ್ಬರು, ಸ್ಟ್ರೆಚರ್ ತಳ್ಳುವ ಬ್ರದರ್ ಒಬ್ಬರು ಸೇರಿದರೆ ಪ್ರೋನಿಂಗ್. ಅವರು ಸಿಗದಿದ್ದರೆ "ಬೆಳಿಗ್ಗೆ ಮಾಡೋಣ".

ಆ "ಬೆಳಿಗ್ಗೆ ಮಾಡೋಣ" ಯಾವ ಡ್ಯಾಶ್‌ಬೋರ್ಡಿನಲ್ಲೂ ಬರಲಿಲ್ಲ. ಐಸಿಯು ಬೆಡ್ ಒಂದು, ತುಂಬಿದೆ, ಅಷ್ಟೇ.

ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಲೆಕ್ಕ ಹಳೆಯದು, ಸರಳವಾದದ್ದು. ಐಸಿಯುನಲ್ಲಿ ಪ್ರತಿ ಪಾಳಿಗೆ ಒಬ್ಬ ಪೇಷಂಟ್‌ಗೆ ಒಬ್ಬ ನರ್ಸ್. ಸಾಮಾನ್ಯ ವಾರ್ಡಿನಲ್ಲಿ ಐವರಿಗೆ ಒಬ್ಬರು, ಬೋಧನಾ ಆಸ್ಪತ್ರೆ ಆದರೆ ಮೂವರಿಗೆ ಒಬ್ಬರು. ಇದರ ಜೊತೆಗೆ ರಜೆ, ಕಾಯಿಲೆ, ಬಾಣಂತನ ಅಂತ 30 ಪರ್ಸೆಂಟ್ ಹೆಚ್ಚುವರಿ ಇಟ್ಟುಕೊಳ್ಳಬೇಕು. ಈ 30 ಪರ್ಸೆಂಟ್ ಅನ್ನೋದನ್ನು ಓದಿದರೆ ನಮ್ಮ ಮ್ಯಾನೇಜ್‌ಮೆಂಟಿನವರು ನಗುತ್ತಾರೆ. ಮಾಮೂಲಿ ದಿನಗಳಲ್ಲಿ ನಗುವುದು ಸುಲಭ. 2021ರ ಏಪ್ರಿಲ್ ಕೊನೆ ವಾರ ನಮ್ಮ ನರ್ಸ್‌ಗಳಲ್ಲೇ ಒಬ್ಬೊಬ್ಬರಾಗಿ ಪಾಸಿಟಿವ್ ಆಗತೊಡಗಿದಾಗ ಹೆಚ್ಚುವರಿ ಅಂತ ಯಾರೂ ಇರಲಿಲ್ಲ. ಬೋರ್ಡ್ ಬದಲಾಯಿಸಿ ಐಸಿಯು ಮಾಡಿದ ವಾರ್ಡ್‌ಗಳಲ್ಲಿ ಒಬ್ಬೊಬ್ಬರ ಕೈಗೆ ನಾಲ್ಕೈದು ಪೇಷಂಟ್. ಕಣ್ಣಿನ ಓಪಿಡಿಯ ಸಿಸ್ಟರ್, ಹೆರಿಗೆ ವಾರ್ಡಿನ ಸಿಸ್ಟರ್ ಎಲ್ಲ ಐಸಿಯುಗೆ ಬಂದರು. ಪಾಪ, ಧೈರ್ಯವಾಗೇ ಬಂದರು. ಆದರೆ ವೆಂಟಿಲೇಟರ್‌ನ ಅಲಾರಂ ಹೊಡೆದರೆ ಅದು ಕಫಕ್ಕೋ, ಟ್ಯೂಬ್ ಮಡಚಿಕೊಂಡಿದ್ದಕ್ಕೋ, ಪ್ರೆಶರ್ ಬಿದ್ದಿದ್ದಕ್ಕೋ ಅಂತ ಒಂದೇ ಪಾಳಿಯಲ್ಲಿ ಕಲಿಸೋಕೆ ಆಗುತ್ತಾ?

ಮೇ 3ರಂದು ಕೇಂದ್ರ ಸರ್ಕಾರ ಕೊನೆಯ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳನ್ನು, ಓದು ಮುಗಿಸಿದ ಬಿಎಸ್ಸಿ, ಜಿಎನ್‌ಎಂ (ಡಿಪ್ಲೊಮಾ) ನರ್ಸ್‌ಗಳನ್ನು ಕೋವಿಡ್ ಕೆಲಸಕ್ಕೆ ಹಾಕಿಕೊಳ್ಳಿ ಅಂತ ಹೇಳಿತು. 100 ದಿನ ಕೆಲಸ ಮಾಡಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ ಅಂತಲೂ ಹೇಳಿತು. ಒಳ್ಳೆಯ ತೀರ್ಮಾನವೇ. ಜನವರಿಯಲ್ಲಿ ಬಂದಿದ್ದರೆ ಅವರಿಗೆ ಕಲಿಸೋಕೆ ನಮಗೆ ಮೂರು ತಿಂಗಳು ಸಿಗುತ್ತಿತ್ತು.

ಇನ್ನು ಆಕ್ಸಿಜನ್. ನಮ್ಮ ಆಸ್ಪತ್ರೆಯ ಹಿಂದುಗಡೆ, ಜನರೇಟರ್ ಪಕ್ಕ ಒಂದು ತಗಡಿನ ಶೆಡ್ಡು ಇದೆ. ಮ್ಯಾನಿಫೋಲ್ಡ್ ರೂಮ್ ಅಂತೀವಿ. ಎರಡು ಸಾಲು ಜಂಬೋ ಸಿಲಿಂಡರ್. ಒಂದು ಸಾಲು ಖಾಲಿಯಾದರೆ ಇನ್ನೊಂದು ಸಾಲಿಗೆ ತಿರುಗಿಸಬೇಕು. ಮಾಮೂಲಿ ದಿನಗಳಲ್ಲಿ ಅಲ್ಲಿಗೆ ಯಾವ ಡಾಕ್ಟರೂ ಕಾಲಿಡೋದಿಲ್ಲ. ಆ ಎರಡು ತಿಂಗಳು ಮಾತ್ರ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ದೊಡ್ಡ ಮನುಷ್ಯ ಅಂದರೆ ಸ್ಪ್ಯಾನರ್ ಹಿಡಿದುಕೊಂಡು ಅಲ್ಲಿ ಕೂತಿರುತ್ತಿದ್ದ ಮೇಂಟೆನೆನ್ಸ್ ಹುಡುಗ. ಎಂಡಿ ಸರ್ ಕೂಡ ಅವನಿಗೆ ಫೋನ್ ಮಾಡಿ "ಊಟ ಆಯ್ತಾ ಅಪ್ಪಾ" ಅಂತ ಕೇಳುತ್ತಿದ್ದರು.

ಒಂದು ಜಂಬೋ ಸಿಲಿಂಡರ್‌ನಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 5 ಲೀಟರ್ ಬೇಕಾದ ಪೇಷಂಟ್‌ಗೆ ಅದು ಹೆಚ್ಚುಕಮ್ಮಿ ಇಡೀ ದಿನ ಬರುತ್ತದೆ. ಅದೇ ಹೈ ಫ್ಲೋ ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 60 ಲೀಟರ್ ಬಿಟ್ಟರೆ ಎರಡು ಗಂಟೆ ಕೂಡ ಬರೋದಿಲ್ಲ. ಹಾಗಾಗಿ "ಆಕ್ಸಿಜನ್ ಬೆಡ್ ಇಷ್ಟು" ಅನ್ನೋ ಲೆಕ್ಕಕ್ಕೆ ಅರ್ಥವೇ ಇರಲಿಲ್ಲ. ಯಾರ ಹಾಸಿಗೆಗೆ ಎಷ್ಟು ಲೀಟರ್ ಅನ್ನೋದು ಗೊತ್ತಿಲ್ಲದೆ ಅದು ಬರೀ ಹಾಸಿಗೆ ಲೆಕ್ಕ. ಇನ್ನೊಂದು ತಮಾಷೆ ನೋಡಿ. ಹಣ ಕೊಟ್ಟು ಹೈ ಫ್ಲೋ ಯಂತ್ರ ತಂದರು, ಪೈಪು ಮಾತ್ರ ಹಳೆಯದೇ. ಒಂದೇ ಮಹಡಿಯಲ್ಲಿ ಏಳೆಂಟು ಯಂತ್ರ ಒಟ್ಟಿಗೆ ಎಳೆದರೆ ಪೈಪಿನ ಕೊನೆಯ ಹಾಸಿಗೆಗೆ ಪ್ರೆಶರ್ ಬೀಳುತ್ತದೆ. ಪೈಪಿನಲ್ಲಿ ನಾಲ್ಕು ಬಾರ್ ಆಸುಪಾಸು ಒತ್ತಡ ಇರಬೇಕು, ಅದು ಇಳಿದರೆ ವೆಂಟಿಲೇಟರ್ ಕಿರುಚಿಕೊಳ್ಳುತ್ತದೆ. ನಮ್ಮಲ್ಲಿ ಕೊನೆಯ ಎರಡು ಬೆಡ್‌ಗೆ ಬಿಡಿ ಸಿಲಿಂಡರ್ ಇಟ್ಟೇ ನಡೆಸಿದೆವು.

ಚಾಮರಾಜನಗರದಲ್ಲಿ ಮೇ 2ರ ರಾತ್ರಿ ಆಗಿದ್ದು ಎಲ್ಲರಿಗೂ ಗೊತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಸಿಲಿಂಡರ್ ಮುಗಿಯಿತು, 24 ಜನ ಹೋದರು. ಮೈಸೂರಿನಿಂದ ಸಿಲಿಂಡರ್ ಬರಬೇಕಿತ್ತು, ಹೊತ್ತಿಗೆ ಬರಲಿಲ್ಲ. ಆಮೇಲೆ ಆ ಜಿಲ್ಲೆ, ಈ ಜಿಲ್ಲೆ ಅಂತ ಬೆರಳು ತೋರಿಸಿಕೊಂಡಿದ್ದೇ ಜಾಸ್ತಿ. ಮೂರು ದಿನ ಕಳೆದು ಮೇ 5ರಂದು ಹೈಕೋರ್ಟ್ ರಾಜ್ಯದ ಪಾಲನ್ನು ದಿನಕ್ಕೆ 965 ಟನ್‌ನಿಂದ 1,200 ಟನ್‌ಗೆ ಏರಿಸಿ ಅಂತ ಕೇಂದ್ರಕ್ಕೆ ಹೇಳಿತು. ಕೇಂದ್ರ ಸುಪ್ರೀಂ ಕೋರ್ಟ್‌ಗೆ ಹೋಯಿತು, ಅಲ್ಲಿ ಆ ಆದೇಶಕ್ಕೆ ಕೈ ಹಾಕಲಿಲ್ಲ. ಮೇ 11ಕ್ಕೆ ಜಮ್‌ಶೆಡ್‌ಪುರದಿಂದ 120 ಟನ್ ಹೊತ್ತ ರೈಲು ವೈಟ್‌ಫೀಲ್ಡ್‌ಗೆ ಬಂತು. ಅಷ್ಟು ದೂರದಿಂದ ತರಿಸಬೇಕಾಗಿದ್ದ ರಾಜ್ಯ ಇದೇನಾ ಅಂತ ನನಗೆ ಆಗಲೂ ವಿಚಿತ್ರ ಅನಿಸಿತ್ತು. ಬಳ್ಳಾರಿಯ ತೋರಣಗಲ್ಲಿನಲ್ಲೇ ದೊಡ್ಡ ಆಕ್ಸಿಜನ್ ಘಟಕಗಳಿವೆಯಲ್ಲ. ತಯಾರಿಕೆ ಒಂದು ಕಡೆ, ಹಂಚಿಕೆ ದೆಹಲಿಯಲ್ಲಿ, ಟ್ಯಾಂಕರ್ ಕೊರತೆ ಇನ್ನೊಂದು ಕಡೆ.

ಆದರೆ ಟನ್ ಲೆಕ್ಕದ ಜಗಳ ನಡೆಯುತ್ತಿದ್ದಾಗ ನಮ್ಮ ವಾರ್ಡಿನಲ್ಲೇ ಎಷ್ಟು ಆಕ್ಸಿಜನ್ ಸುಮ್ನೆ ಗಾಳಿಗೆ ಹೋಗುತ್ತಿತ್ತು ಅಂತೀರಾ! ಪೇಷಂಟ್ ಮಾಸ್ಕ್ ತೆಗೆದು ಇಡ್ಲಿ ತಿನ್ನುತ್ತಿರುತ್ತಾರೆ, ನಿಮಿಷಕ್ಕೆ ಎಷ್ಟು ಲೀಟರ್ ಅಂತ ತೋರಿಸುವ ಫ್ಲೋಮೀಟರ್ 15ರಲ್ಲೇ ಇರುತ್ತದೆ. ಬಾತ್‌ರೂಮಿಗೆ ಹೋಗಿ ಬರುತ್ತಾರೆ, ಮಾಸ್ಕ್ ದಿಂಬಿನ ಮೇಲೆ ಬುಸ್ ಅಂತಿರುತ್ತದೆ. ಸ್ಯಾಚುರೇಶನ್ 99 ತೋರಿಸುತ್ತಿದ್ದರೂ ಯಾರೂ ಇಳಿಸೋದಿಲ್ಲ. 92ರಿಂದ 96ರೊಳಗೆ ಇದ್ದರೆ ಸಾಕು, 99 ಬೇಕಾಗಿಲ್ಲ. ನಮ್ಮ ಇನ್‌ಚಾರ್ಜ್ ಸಿಸ್ಟರ್ ಇದಕ್ಕೆಂದೇ ಒಬ್ಬಳು ಹುಡುಗಿಯನ್ನು ಬಿಟ್ಟರು. ಅವಳ ಕೆಲಸ ವಾರ್ಡ್ ಸುತ್ತೋದು, ಪ್ರತಿ ಹಾಸಿಗೆಯ ಫ್ಲೋಮೀಟರ್ ನೋಡೋದು, ಜಾಸ್ತಿ ಇದ್ದರೆ ಒಂದೊಂದು ಲೀಟರ್ ಇಳಿಸೋದು, ಮತ್ತೆ ನೋಡೋದು. ಅವಳು ಸುತ್ತುತ್ತಿದ್ದ ಪಾಳಿಯಲ್ಲಿ ಸಿಲಿಂಡರ್ ಸಾಲು ಬದಲಿಸೋದು ತಡವಾಗುತ್ತಿತ್ತು. ಮೇಂಟೆನೆನ್ಸ್ ಹುಡುಗ ಫೋನ್ ಮಾಡಿ ಕೇಳುತ್ತಿದ್ದ, "ಇವತ್ತು ಆ ಮೇಡಂ ಡ್ಯೂಟಿ ಅಲ್ವಾ?"

ಆಸ್ಪತ್ರೆ ಬಾಗಿಲಿಗೆ ಬರುವ ಮುಂಚೆ ಜನ ಪಟ್ಟ ಪಾಡು ಬೇರೆಯೇ ಕತೆ. ಟೆಸ್ಟ್ ಮಾಡಿಸಿದರೆ ಎಸ್‌ಆರ್‌ಎಫ್ ನಂಬರ್, ಪಾಸಿಟಿವ್ ಆದರೆ ಬಿಯು ನಂಬರ್. ಬಿಯು ನಂಬರ್ ಬರದೆ ಸರ್ಕಾರಿ ಕೋಟಾದ ಹಾಸಿಗೆ ಇಲ್ಲ. ರಿಪೋರ್ಟ್ ಬರೋದೇ ತಡ, ನಂಬರ್ ಇನ್ನೂ ತಡ. ಹಾಸಿಗೆಗೆ 1912ಕ್ಕೆ ಫೋನ್ ಮಾಡಿ ಅಂದರು. 1912 ಅಂದರೆ ಅಲ್ಲಿಯವರೆಗೆ ಕರೆಂಟ್ ಹೋದಾಗ ಬೆಸ್ಕಾಂಗೆ ಮಾಡುವ ನಂಬರ್ ಅಂತಲೇ ನಮಗೆ ಗೊತ್ತಿದ್ದದ್ದು. ಹಾಸಿಗೆ ಹಂಚೋಕೆ ವಲಯಕ್ಕೊಂದು ವಾರ್ ರೂಮ್. ಅಲ್ಲಿ ಕೂತಿದ್ದ ಹುಡುಗ ಹುಡುಗಿಯರು ನಿದ್ದೆಗೆಟ್ಟು ದುಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಮುಂದಿದ್ದ ಪರದೆಯಲ್ಲಿ ಕಾಣುತ್ತಿದ್ದದ್ದು ಹೆಸರು, ವಯಸ್ಸು, ಬಿಯು ನಂಬರ್. ಉಸಿರಾಟ ಹೇಗಿದೆ ಅಂತ ಕಣ್ಣಾರೆ ನೋಡಿದವರು ಯಾರೂ ಇಲ್ಲ. ಹಾಸಿಗೆ ಬ್ಲಾಕ್ ಮಾಡಿ ಮಾರಿಕೊಂಡ ಆರೋಪವೂ ಆ ಮೇ ತಿಂಗಳಲ್ಲೇ ಬಂತು, ಪೊಲೀಸರು ಕೆಲವರನ್ನು ಹಿಡಿದರು.

ನಮ್ಮ ಬಾಗಿಲಿಗೆ ಬಂದವರಲ್ಲಿ ತುಂಬಾ ಜನ ಸ್ಯಾಚುರೇಶನ್ 70 ಇಟ್ಟುಕೊಂಡು ಬಂದರು. ಮೂರು ದಿನ ಮುಂಚೆ 91 ಇದ್ದಾಗ ಯಾರಾದರೂ ನೋಡಿ ನಾಲ್ಕು ಲೀಟರ್ ಆಕ್ಸಿಜನ್, ಒಂದು ಮಾತ್ರೆ ಕೊಟ್ಟಿದ್ದರೆ ಅವರಲ್ಲಿ ಅರ್ಧ ಜನಕ್ಕೆ ಐಸಿಯು ಬೇಕಾಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಆ ನೋಡುವ ಕೆಲಸ ನಗರದ ವಾರ್ಡ್ ಮಟ್ಟದಲ್ಲೇ ಆಗಬೇಕಿತ್ತು. ಆಮೇಲೆ 2022ರ ಡಿಸೆಂಬರ್‌ನಿಂದ ಸರ್ಕಾರದ "ನಮ್ಮ ಕ್ಲಿನಿಕ್"ಗಳು ಬಂದವು. ನಮ್ಮ ಮನೆ ಹತ್ತಿರದಲ್ಲಿ ಒಂದಿದೆ. ಡಾಕ್ಟರ್ ಒಬ್ಬರು, ನರ್ಸ್ ಒಬ್ಬರು, ಬಿಪಿ, ಶುಗರ್ ಎಲ್ಲ ನೋಡುತ್ತಾರೆ. ಸಿದ್ಧತೆ ಅಂದರೆ ನನಗೆ ಮೊದಲು ನೆನಪಾಗೋದು ಅದೇ. ಬೀದಿಯ ಜನರ ಮುಖ ಗೊತ್ತಿರುವ ಒಬ್ಬ ನರ್ಸ್ ಅಲ್ಲಿ ಸತತವಾಗಿ ನಾಲ್ಕೈದು ವರ್ಷ ಇದ್ದರೆ ಮುಂದಿನ ಸಲ 91 ಇದ್ದಾಗಲೇ ಗೊತ್ತಾಗುತ್ತದೆ. ಪ್ರತಿ ಆರು ತಿಂಗಳಿಗೆ ಗುತ್ತಿಗೆ ಬದಲಾದರೆ ಗೊತ್ತಾಗೋದಿಲ್ಲ.

ಔಷಧಿ ವಿಷಯ ಬರೆಯೋಕೆ ಕೂತರೆ ಇವತ್ತಿಗೂ ಸಿಟ್ಟು ಬರುತ್ತದೆ. ವೈರಸ್ ವಿರುದ್ಧ ಕೊಡುವ ರೆಮ್‌ಡೆಸಿವಿರ್ ಇಂಜೆಕ್ಷನ್‌ಗೆ ಜನ ಒಡವೆ ಅಡ ಇಟ್ಟರು. ಕಾಳಸಂತೆಯಲ್ಲಿ ಒಂದೊಂದು ವಯಲ್‌ಗೆ ಹತ್ತಾರು ಸಾವಿರ. ಅಷ್ಟೊತ್ತಿಗಾಗಲೇ, 2020ರ ಅಕ್ಟೋಬರ್‌ನಲ್ಲೇ, ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಪ್ರಯೋಗದಲ್ಲಿ ಅದರಿಂದ ಸಾವು ಹೆಚ್ಚೇನೂ ತಪ್ಪೋದಿಲ್ಲ ಅಂತ ಬಂದಿತ್ತು. ನವೆಂಬರ್‌ನಲ್ಲಿ ಆಸ್ಪತ್ರೆಯಲ್ಲಿರುವವರಿಗೆ ಬೇಡ ಅಂತಲೂ ಸಂಸ್ಥೆ ಹೇಳಿತ್ತು. ಆಮೇಲೆ 2022ರಲ್ಲಿ ಕೆಲವು ಬಗೆಯ ರೋಗಿಗಳಿಗೆ ಕೊಡಬಹುದು ಅಂತ ಆ ಸಲಹೆ ಸ್ವಲ್ಪ ಬದಲಾಯಿತು, ಅದು ಬೇರೆ. ಇನ್ನೊಂದು ಕಡೆ ಡೆಕ್ಸಾಮೆಥಸೋನ್. ಮೂಲೆ ಮೆಡಿಕಲ್ ಸ್ಟೋರ್‌ನಲ್ಲಿ ಕೆಲವೇ ರೂಪಾಯಿಗೆ ಸಿಗುವ ಹಳೇ ಸ್ಟೆರಾಯ್ಡ್. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಅದು ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದು ಭಾಗ, ಬರೀ ಆಕ್ಸಿಜನ್ ಮೇಲಿದ್ದವರ ಸಾವನ್ನು ಐದನೇ ಒಂದು ಭಾಗ ಇಳಿಸಿತು. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ಆಕ್ಸಿಜನ್ ಬೇಕಿಲ್ಲದವರಿಗೆ ಅದರಿಂದ ಲಾಭವಿಲ್ಲ.

ಪೇಷಂಟ್ ಕಡೆಯವರು ಇದನ್ನು ನಂಬೋಕೆ ತಯಾರಿರಲಿಲ್ಲ. ನಮ್ಮ ಒಬ್ಬ ಡಾಕ್ಟರ್ ರೆಮ್‌ಡೆಸಿವಿರ್ ಬರೆಯಲ್ಲ ಅಂದಿದ್ದಕ್ಕೆ ಕೆಳಗೆ ರಿಸೆಪ್ಷನ್‌ನಲ್ಲಿ ದೊಡ್ಡ ಗಲಾಟೆ. "ದುಡ್ಡು ನಾವು ಕೊಡ್ತೀವಿ, ಬರೆಯೋಕೆ ನಿಮಗೇನ್ರೀ ಕಷ್ಟ?" ಅವರ ಸಂಕಟ ಅರ್ಥವಾಗುತ್ತದೆ. ಹೊರಗೆ ಫುಟ್‌ಪಾತ್ ಮೇಲೆ ನಿಂತವರಿಗೆ ಏನಾದರೂ ಮಾಡಬೇಕು ಅನಿಸುತ್ತದೆ, ಮಾಡೋಕೆ ಇರೋದು ಅದೊಂದೇ. ಕೊನೆಗೆ ಡಾಕ್ಟರೂ ಸೋತು ಬರೆಯತೊಡಗಿದರು.

ಡೆಕ್ಸಾ ಅಗ್ಗ ಅಂತ ಹಗುರವಾಗಿ ಕೊಟ್ಟಿದ್ದರ ಬೆಲೆ ಮೇ ತಿಂಗಳಲ್ಲಿ ಗೊತ್ತಾಯಿತು. ಬೇಡದವರಿಗೂ ಕೊಟ್ಟರು, ಡೋಸ್ ಜಾಸ್ತಿ ಮಾಡಿದರು, ಶುಗರ್ ನೋಡಲಿಲ್ಲ. ಕಪ್ಪು ಶಿಲೀಂಧ್ರ ಬಂತು. ಕಣ್ಣು ಊದಿಕೊಂಡು, ಮೂಗಿನಿಂದ ಕಪ್ಪು ಸಿಪ್ಪೆ ಬೀಳುತ್ತಾ, ಕೋವಿಡ್ ಗೆದ್ದು ಮನೆಗೆ ಹೋದವರೇ ವಾಪಸ್ ಬಂದರು. ಬೌರಿಂಗ್ ಆಸ್ಪತ್ರೆಯನ್ನು ಅದಕ್ಕೆಂದೇ ಗೊತ್ತು ಮಾಡಿದರು. ಆ ಶಿಲೀಂಧ್ರಕ್ಕೆ ಕೊಡುವ ಆಂಫೊಟೆರಿಸಿನ್ ಇಂಜೆಕ್ಷನ್‌ಗೆ ಮತ್ತೆ ಅದೇ ಹುಡುಕಾಟ. ಇದಕ್ಕೆ ಕಾರಣ ಒಂದೇ ಅಂತ ಹೇಳೋಕಾಗೋದಿಲ್ಲ, ಆದರೆ ಕೈ ಮೀರಿದ ಶುಗರ್ ಮತ್ತು ಸ್ಟೆರಾಯ್ಡ್ ಜೊತೆಯಾಗಿದ್ದು ದೊಡ್ಡ ಕಾರಣ. ನಾಲ್ಕು ಗಂಟೆಗೊಮ್ಮೆ ಬೆರಳು ಚುಚ್ಚಿ ಶುಗರ್ ನೋಡೋದು ಬಡಪಾಯಿ ಕೆಲಸ. ಅದಕ್ಕೆ ಯಾರೂ ಚಪ್ಪಾಳೆ ತಟ್ಟೋದಿಲ್ಲ. ನಾಲ್ಕೈದು ಪೇಷಂಟ್ ಇರುವ ನರ್ಸ್ ಮೊದಲು ಬಿಡೋದು ಅದನ್ನೇ.

ನನ್ನ ಪ್ರಕಾರ ಆರೈಕೆಯ ಗುಣಮಟ್ಟ ಅನ್ನೋದು ಇರೋದು ಅಲ್ಲೇ. ಐಸಿಯುನಲ್ಲಿ ಜೀವ ಉಳಿಸೋದು ಹೀರೋ ತರಹದ ಯಾವುದೋ ಒಂದು ಘಳಿಗೆ ಅಂತ ಜನ ತಿಳಿದಿದ್ದಾರೆ. ನಾನು ನೋಡಿದ ಮಟ್ಟಿಗೆ ಹೊತ್ತು ಹೊತ್ತಿಗೆ ಬೇಸರದ ಕೆಲಸ ತಪ್ಪದೆ ಮಾಡಿದ ವಾರ್ಡಿನಲ್ಲಿ ಜಾಸ್ತಿ ಜನ ಎದ್ದು ಹೋದರು.

ನಮ್ಮಲ್ಲಿ ಹಾಸನ ಕಡೆಯ ಒಬ್ಬರು ಆಯಾ ಇದ್ದರು, ಅರವತ್ತರ ಹತ್ತಿರ ವಯಸ್ಸು. ವಯಸ್ಸಾದವರು ಕೋವಿಡ್ ವಾರ್ಡಿಗೆ ಬರಬೇಡಿ ಅಂದರೂ ಕೇಳಲಿಲ್ಲ. ಒಂದು ರಾತ್ರಿ ಬಂದು ನನ್ನ ತೋಳು ಹಿಡಿದರು. "ಸಿಸ್ಟರೇ, ಏಳನೇ ಬೆಡ್ ಅಜ್ಜ ಎರಡು ಹೊತ್ತಿಂದ ಊಟ ಮುಟ್ಟಿಲ್ಲ ಕಣಮ್ಮ. ಅಷ್ಟೊತ್ತಿಂದ ಬರೀ ಗೋಡೆ ನೋಡ್ತಾವ್ರೆ." ಚಾರ್ಟ್‌ನಲ್ಲಿ ಅಜ್ಜನ ಸ್ಯಾಚುರೇಶನ್ 94, ಬಿಪಿ ಸರಿ, ಜ್ವರ ಇಲ್ಲ. ಕಾಗದದ ಮೇಲೆ ಚೆನ್ನಾಗೇ ಇದ್ದಾರೆ. ಹೋಗಿ ಮಾತಾಡಿಸಿದರೆ ಹೆಸರು ಹೇಳೋಕೂ ತಡವರಿಸುತ್ತಿದ್ದರು. ರಕ್ತ ತೆಗೆಸಿದರೆ ಸೋಡಿಯಂ ತೀರಾ ಕಮ್ಮಿ. ಅದನ್ನು ಸರಿಮಾಡಿದ ಮೇಲೆ ಸರಿಯಾದರು. ಮನೆಗೆ ಹೋಗುವಾಗ ಡಾಕ್ಟರ್‌ಗೆ ಕೈ ಮುಗಿದರು, ನನಗೂ ಮುಗಿದರು. ಆಯಾ ಆ ಹೊತ್ತಿನಲ್ಲಿ ಬೆಡ್‌ಪ್ಯಾನ್ ತೊಳೆಯುತ್ತಿದ್ದರು. ಕ್ವಾಲಿಟಿ ಆಡಿಟ್‌ನಲ್ಲಿ ಆಯಾಗಳಿಗೆ ಎಷ್ಟು ಗಂಟೆ ತರಬೇತಿ ಅನ್ನೋ ಕಾಲಂ ಇದೆ. ಅವರು ಹೇಳಿದ್ದನ್ನು ಯಾರಾದರೂ ಕೇಳಿಸಿಕೊಂಡರಾ ಅನ್ನೋ ಕಾಲಂ ಇಲ್ಲ.

ಬೇರೆ ಕಾಯಿಲೆಯವರ ಬಗ್ಗೆ ಬರೆಯಹೊರಟರೆ ಅದೇ ಒಂದು ಬರಹ ಆಗುತ್ತದೆ. ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಸಲ ಬರಲೇಬೇಕಾದವರು, ದಿನ ತುಂಬಿದ ಬಸುರಿಯರು, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕೀಮೋಗೆಂದು ಬೇರೆ ಜಿಲ್ಲೆಗಳಿಂದ ಬಸ್ ಹತ್ತುವವರು. ಮೊದಲು ಕೋವಿಡ್ ರಿಪೋರ್ಟ್ ತನ್ನಿ ಅಂತ ಎಷ್ಟೋ ಕಡೆ ಬಾಗಿಲಲ್ಲೇ ನಿಲ್ಲಿಸಿದರು. ಅವರ ಸಾವು ಯಾವ ಬುಲೆಟಿನ್‌ನಲ್ಲೂ ಬರಲಿಲ್ಲ.

ಈ ಊರಿಗೆ ಇದು ಮೊದಲ ಪಾಠವೂ ಅಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆ ಖಾಲಿಯಾಗಿತ್ತು. ಬಸವನಗುಡಿ, ಮಲ್ಲೇಶ್ವರ ಅಗಲ ರಸ್ತೆ, ಗಾಳಿ ಬೆಳಕಿನ ಮನೆಗಳೊಂದಿಗೆ ಬೇಗ ಬೆಳೆದದ್ದು ಅದಾದ ಮೇಲೆ. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. 2020ರಲ್ಲಿ ಊರಿನ ಮುಖ್ಯ ಕೋವಿಡ್ ಆಸ್ಪತ್ರೆ ಆಗಿದ್ದೂ ಅದೇ ವಿಕ್ಟೋರಿಯಾ. ಹಳೇ ಕಾಲದ ಆಸ್ಪತ್ರೆಗಳ ಎತ್ತರದ ಸೂರು, ದೊಡ್ಡ ಕಿಟಕಿ ನೋಡಿ ನಾವು ಹಳೇ ಕಾಲದ್ದು ಅಂತ ಮೂಗು ಮುರಿಯುತ್ತೇವೆ. ನಮ್ಮ ಹೊಸ ಕಟ್ಟಡದಲ್ಲಿ ಕಿಟಕಿ ತೆರೆಯೋಕೇ ಬರುತ್ತಿರಲಿಲ್ಲ, ಪೂರ್ತಿ ಗಾಜು, ಪೂರ್ತಿ ಎಸಿ. ಗಾಳಿಯಲ್ಲಿ ಹರಡುವ ಕಾಯಿಲೆಗೆ ಇದಕ್ಕಿಂತ ಒಳ್ಳೇ ಜಾಗ ಬೇಕಾ? ಕೊನೆಗೆ ಗಾಜು ಕತ್ತರಿಸಿ ಎಕ್ಸಾಸ್ಟ್ ಫ್ಯಾನ್ ಕೂರಿಸಿದರು. ಆ ಫ್ಯಾನ್‌ಗಳು ಇವತ್ತಿಗೂ ಇವೆ, ಯಾರೂ ಆನ್ ಮಾಡೋದಿಲ್ಲ, ಸದ್ದು ಜಾಸ್ತಿ ಅಂತ.

ಬಿಲ್ ವಿಷಯದಲ್ಲಿ ಒಂದು ಒಳ್ಳೇದಾಯಿತು. 2020ರ ಜೂನ್‌ನಲ್ಲೇ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ದರ ಗೊತ್ತು ಮಾಡಿತು. ಸರ್ಕಾರ ಕಳಿಸಿದ ಪೇಷಂಟ್ ಆದರೆ ಸಾಮಾನ್ಯ ವಾರ್ಡಿಗೆ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಇರುವ ಐಸಿಯುಗೆ 10,000. ನೇರವಾಗಿ ಬಂದು ಸೇರಿದವರಿಗೆ ಬೇರೆ, ಜಾಸ್ತಿ ದರ. ಎಲ್ಲ ಕಡೆ ಪಾಲಿಸಿದರು ಅಂತ ನಾನು ಹೇಳೋದಿಲ್ಲ. ಆದರೆ ಬಿಲ್ ಕೌಂಟರ್‌ನಲ್ಲಿ ಜಗಳ ಆಡೋಕೆ ಜನರ ಕೈಗೆ ಒಂದು ಕಾಗದ ಸಿಕ್ಕಿತು. "ನಮ್ಮಪ್ಪನಿಗೆ ಈ ರಾತ್ರಿ ಎಷ್ಟು ನರ್ಸ್?" ಅಂತ ಕೇಳೋಕೆ ಅಂಥ ಕಾಗದ ಯಾರ ಕೈಲೂ ಇರಲಿಲ್ಲ. ಕೇಳಬೇಕು ಅಂತಲೂ ಜನರಿಗೆ ಹೊಳೆಯಲಿಲ್ಲ.

2022ರ ಡಿಸೆಂಬರ್ 27ರಂದು ದೇಶದ ಎಲ್ಲ ಕಡೆ ಕೋವಿಡ್ ಸಿದ್ಧತೆಯ ಅಣಕು ತಾಲೀಮು ನಡೆಯಿತು, ಮುಂದಿನ ಏಪ್ರಿಲ್‌ನಲ್ಲೂ ನಡೆಯಿತು. ನಮ್ಮಲ್ಲೂ ಮಾಡಿದೆವು. ಬೆಳಿಗ್ಗೆ ಹನ್ನೊಂದು ಗಂಟೆ, ಎಲ್ಲರೂ ಇಸ್ತ್ರಿ ಮಾಡಿದ ಯೂನಿಫಾರ್ಮ್, ಬಿಸ್ಕೆಟ್, ಟೀ. ಡಮ್ಮಿ ಪೇಷಂಟ್ ಬಂತು, ನಾಲ್ಕೇ ನಿಮಿಷದಲ್ಲಿ ಆಕ್ಸಿಜನ್ ಹಾಕಿದರು, ಫೋಟೋ ತೆಗೆದು ಕಳಿಸಿದೆವು. ಅದಾದ ಮೇಲೆ ನಾನು ಹಟ ಹಿಡಿದೆ. ತಾಲೀಮು ಮಾಡಿದರೆ ರಾತ್ರಿ ಎರಡು ಗಂಟೆಗೆ ಮಾಡಬೇಕು, ಯಾರಿಗೂ ಹೇಳಬಾರದು.

ಒಪ್ಪಿಸೋಕೆ ತಿಂಗಳುಗಟ್ಟಲೆ ಹಿಡಿಯಿತು. ಮಾಡಿದಾಗ ಗೊತ್ತಾಗಿದ್ದು ಇಷ್ಟು. ಟ್ಯೂಬ್ ಹಾಕದೆ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮಾಸ್ಕ್ ಇರುವ ಸ್ಟೋರಿನ ಬೀಗದ ಕೈ ಸ್ಟೋರ್ ಇನ್‌ಚಾರ್ಜ್ ಹತ್ತಿರ, ಅವರು ಕೆಂಗೇರಿಯ ಮನೆಯಲ್ಲಿ ಮಲಗಿದ್ದಾರೆ. ಹಿಂದಿನ ಗೇಟಿನ ಸೆಕ್ಯೂರಿಟಿ ಹೊಸಬ, ಸೋಂಕಿನ ಪೇಷಂಟ್ ಯಾವ ಬಾಗಿಲಿಂದ ಅಂತ ಗೊತ್ತಿಲ್ಲ. ಕೋವಿಡ್ ಹೊತ್ತಲ್ಲಿ ಕೂರಿಸಿದ ಪಿಎಸ್‌ಎ ಘಟಕ, ಗಾಳಿಯಿಂದಲೇ ಆಕ್ಸಿಜನ್ ಬೇರೆ ಮಾಡುವ ಯಂತ್ರ, ಅದನ್ನು ಶುರುಮಾಡೋಕೆ ಬರುತ್ತಿದ್ದ ಟೆಕ್ನಿಷಿಯನ್ ಕೆಲಸ ಬಿಟ್ಟು ಹೋಗಿ ಎಷ್ಟೋ ದಿನವಾಗಿದೆ. ಐಸಿಯುನಲ್ಲಿ ಆ ರಾತ್ರಿ ಇದ್ದ ಹುಡುಗಿಯರಲ್ಲಿ 2021ನ್ನು ಕಂಡವಳು ಒಬ್ಬಳೇ. ಉಳಿದವರು ಎಲ್ಲಿ ಅಂತ ಕೇಳಿದರೆ ನನ್ನ ಫೋನಿನಲ್ಲಿ ಉತ್ತರ ಇದೆ. ದುಬೈ, ಮ್ಯಾಂಚೆಸ್ಟರ್, ಜರ್ಮನಿ ಕಲಿಯುತ್ತಾ ಒಬ್ಬಳು ಕೊಚ್ಚಿಯಲ್ಲಿ. ನಾಲ್ಕೈದು ಪೇಷಂಟ್ ನೋಡಿಕೊಂಡು ಇಲ್ಲಿ ಸಿಗುತ್ತಿದ್ದ ಸಂಬಳ ನೆನೆಸಿಕೊಂಡರೆ ಯಾರನ್ನೂ ದೂರೋಕೆ ಮನಸ್ಸು ಬರಲ್ಲ. ಪ್ರೋನಿಂಗ್ ಮಾಡುವಾಗ ತಲೆ ಹತ್ತಿರ ನಿಂತು ಎಣಿಸುತ್ತಿದ್ದವಳು ಈಗ ಮ್ಯಾಂಚೆಸ್ಟರ್‌ನಲ್ಲಿ ಎಣಿಸುತ್ತಿದ್ದಾಳೆ.

ವರದಿ ಬರೆದು ಕೊಟ್ಟೆ. ಬೀಗದ ಕೈ ಮಾರನೇ ದಿನವೇ ಕ್ಯಾಶುವಾಲ್ಟಿಗೆ ಬಂತು. ಸೆಕ್ಯೂರಿಟಿಯವರಿಗೆ ಒಂದು ಕಾಗದ ಅಂಟಿಸಿದರು. ಪಿಎಸ್‌ಎ ಕಂಪನಿಯವರನ್ನು ಕರೆಸಿ ಫಿಲ್ಟರ್ ಬದಲಿಸಿ, ಇಬ್ಬರಿಗೆ ಕಲಿಸಿದರು. ಐಸಿಯು ನರ್ಸ್ ಸಂಖ್ಯೆ ಮತ್ತು ಆ 30 ಪರ್ಸೆಂಟ್ ಮಾತ್ರ ಹಾಗೇ ಇದೆ. ಬೆಡ್ ಖಾಲಿ ಇರೋ ತಿಂಗಳಲ್ಲಿ ಇವರಿಗೆಲ್ಲ ಸಂಬಳ ಯಾಕೆ ಅಂತ ಅಕೌಂಟ್ಸ್‌ನವರು ಪೆನ್ಸಿಲ್‌ನಲ್ಲಿ ಬರೆದು ವಾಪಸ್ ಕಳಿಸಿದ್ದರು. ಈ ಸಲ 2021ರ ಏಪ್ರಿಲ್, ಮೇ ತಿಂಗಳ ಡ್ಯೂಟಿ ರೋಸ್ಟರ್‌ನ ಜೆರಾಕ್ಸ್ ಜೊತೆಗಿಟ್ಟು ಆ ಬೇಡಿಕೆ ಮತ್ತೆ ಹಾಕಿದ್ದೇನೆ. ಮೀಟಿಂಗ್ ದಸರಾ ಕಳೆದ ಮೇಲೆ ಅಂದಿದ್ದಾರೆ.